ಸರ್ಕಾರಿ ನೌಕರರ ವೇತನ ಕಡ್ಡಾಯವಾಗಿ ಖಾತೆಗೆ ನೇರ ಜಮೆ: ಸುತ್ತೋಲೆ ಬಂದ ದಿನದಿಂದ ಏನೇನು ಮಾಡಬೇಕು?

ಇನ್ನು ಮುಂದೆ ವೇತನವನ್ನು ನಗದಾಗಿಯಾಗಲಿ ಚೆಕ್ಕಿನ ಮೂಲಕವಾಗಲಿ ಬಟವಾಡೆ ಮಾಡಲಾಗುವುದಿಲ್ಲ, ಎಲ್ಲ ನೌಕರರೂ ತಮ್ಮ ಬ್ಯಾಂಕ್ ಖಾತೆಯ ವಿವರಗಳನ್ನು ಸಲ್ಲಿಸತಕ್ಕದ್ದು ಎಂಬ ಸುತ್ತೋಲೆ ಕಚೇರಿಗೆ ಬಂದಾಗ, ಹೆಚ್ಚಿನವರು ಅದರ ಕೊನೆಯ ಸಾಲಿನಲ್ಲಿರುವ ದಿನಾಂಕವನ್ನಷ್ಟೇ ನೋಡುತ್ತಾರೆ. ಆ ದಿನಾಂಕದ ಮುನ್ನಾ ದಿನ ಪಾಸ್‌ಬುಕ್ಕಿನ ಮಸುಕಾದ ನಕಲೊಂದನ್ನು ತಂದು ಮೇಜಿನ ಮೇಲಿಟ್ಟು ಹೋಗುತ್ತಾರೆ. ನಾನು ಹಲವು ವರ್ಷ ವೇತನ ಶಾಖೆಯಲ್ಲಿ ವಿಷಯ ನಿರ್ವಾಹಕನಾಗಿ ಕೂತವನು. ಮುಂದಿನ ತಿಂಗಳು ಸಂಬಳ ಬಂದಿಲ್ಲವೆಂದು ಬಾಗಿಲಲ್ಲಿ ನಿಲ್ಲುತ್ತಿದ್ದವರಲ್ಲಿ ಮುಕ್ಕಾಲು ಪಾಲು ಆ ಕೊನೆಯ ದಿನದ ಗುಂಪಿನವರೇ. ಕೆಲಸವೇನೋ ಒಂದು ಪುಟದ್ದು, ಆದರೆ ಅದನ್ನು ಮಾಡುವ ಕ್ರಮ ತಪ್ಪಿದರೆ ಒಂದು ತಿಂಗಳ ಅನ್ನಕ್ಕೆ ಕಲ್ಲು ಬೀಳುತ್ತದೆ.

ಕಡ್ಡಾಯ ಯಾವುದು, ಕಡ್ಡಾಯವಲ್ಲದ್ದು ಯಾವುದು

ಸುತ್ತೋಲೆಯಲ್ಲಿ ಮೊದಲು ಹುಡುಕಬೇಕಾದದ್ದು ಮೂರು ಸಂಗತಿ: ವಿವರ ಸಲ್ಲಿಸಲು ಕೊನೆಯ ದಿನ, ಹೊಸ ಪದ್ಧತಿ ಯಾವ ತಿಂಗಳ ವೇತನದಿಂದ ಜಾರಿಗೆ ಬರುತ್ತದೆ ಎಂಬುದು, ಮತ್ತು ವಿನಾಯಿತಿಯ ಕಲಮು. ಮೊದಲ ಎರಡು ಒಂದೇ ಎಂದು ಭಾವಿಸಬೇಡಿ. ಹದಿನೈದನೆಯ ತಾರೀಖಿನೊಳಗೆ ಕೊಡಿ ಎಂದಿದ್ದರೆ ಅದೇ ತಿಂಗಳ ಸಂಬಳ ಖಾತೆಗೆ ಬರುತ್ತದೆಂದು ಅರ್ಥವಲ್ಲ. ಅಷ್ಟರಲ್ಲಿ ಆ ತಿಂಗಳ ಬಿಲ್ಲು ತಯಾರಾಗಿ ಹೋಗಿರಬಹುದು.

ಇನ್ನೊಂದು ಸಂಗತಿಯನ್ನು ಬಹಳ ಮಂದಿ ತಪ್ಪಾಗಿ ತಿಳಿಯುತ್ತಾರೆ. ಸಾಮಾನ್ಯವಾಗಿ ಕಡ್ಡಾಯವಾಗುವುದು ಪಾವತಿಯ ವಿಧಾನ, ಬ್ಯಾಂಕು ಅಲ್ಲ. ಅಮೆರಿಕದಲ್ಲಿ 1996ರ ಸಾಲ ವಸೂಲಾತಿ ಸುಧಾರಣಾ ಕಾಯ್ದೆಯು ಒಕ್ಕೂಟ ಸರ್ಕಾರದ ನೌಕರರ ವೇತನವೂ ಸೇರಿದಂತೆ ಬಹುತೇಕ ಸರ್ಕಾರಿ ಪಾವತಿಗಳು ವಿದ್ಯುನ್ಮಾನ ವರ್ಗಾವಣೆಯ ಮೂಲಕವೇ ಆಗಬೇಕೆಂದು ವಿಧಿಸಿತು; ಆದರೆ ಅದೇ ದೇಶದ 1978ರ ವಿದ್ಯುನ್ಮಾನ ಹಣ ವರ್ಗಾವಣೆ ಕಾಯ್ದೆಯು ಇಂಥದೇ ಬ್ಯಾಂಕಿನಲ್ಲಿ ಖಾತೆ ತೆರೆಯಬೇಕೆಂದು ಉದ್ಯೋಗದ ಷರತ್ತು ಹಾಕುವುದನ್ನು ನಿಷೇಧಿಸಿದೆ. ಯುರೋಪಿಯನ್ ಒಕ್ಕೂಟದ 2012ರ ನಿಯಮಾವಳಿಯ ಪ್ರಕಾರ, ಯೂರೋದಲ್ಲಿ ಹಣ ಕಳಿಸುವವನು ಖಾತೆ ಇಂಥ ಸದಸ್ಯ ರಾಷ್ಟ್ರದಲ್ಲೇ ಇರಬೇಕೆಂದು ಹಟ ಹಿಡಿಯುವಂತಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1949ರ ವೇತನ ರಕ್ಷಣಾ ಒಡಂಬಡಿಕೆಯಂತೂ ವೇತನವನ್ನು ನೇರವಾಗಿ ದುಡಿದವನಿಗೇ ಕೊಡಬೇಕೆಂದೂ, ಅದನ್ನು ಅವನು ಹೇಗೆ ಬಳಸಬೇಕೆಂಬುದರಲ್ಲಿ ಮಾಲೀಕ ಕೈ ಹಾಕಬಾರದೆಂದೂ ಹೇಳುತ್ತದೆ. ಎಲ್ಲೆಡೆಯೂ ಇದೇ ಕಾನೂನಿದೆ ಎಂದಲ್ಲ. ಆದರೂ ಸುತ್ತೋಲೆಯಲ್ಲಿ ಒಂದು ಬ್ಯಾಂಕಿನ ಹೆಸರಿದ್ದರೆ ಅದು ಸಲಹೆಯೋ ಆದೇಶವೋ ಎಂದು ಬರಹದಲ್ಲೇ ಕೇಳುವುದು ನಿಮ್ಮ ಹಕ್ಕು. ‘ಸೂಚಿಸಲಾಗಿದೆ’ ಎಂಬ ಪದಕ್ಕೆ ಕಚೇರಿಯ ಭಾಷೆಯಲ್ಲಿ ಎರಡೂ ಅರ್ಥಗಳಿವೆ.

ವಿನಾಯಿತಿಯ ವಿಷಯ ಚಿಕ್ಕದು. ಬ್ಯಾಂಕು ತಲುಪಲಾಗದಷ್ಟು ದೂರದ ಸ್ಥಳದಲ್ಲಿ ಕೆಲಸ, ಸ್ವತಃ ಖಾತೆ ನಿರ್ವಹಿಸಲಾಗದ ಅಂಗವೈಕಲ್ಯ ಇಂಥ ಕಾರಣಗಳಿದ್ದರೆ ಕೊನೆಯ ದಿನಕ್ಕೆ ಮೊದಲೇ, ದಾಖಲೆ ಲಗತ್ತಿಸಿ, ಎಷ್ಟು ಅವಧಿಗೆ ಬೇಕು ಎಂಬುದನ್ನು ನಮೂದಿಸಿ ಅರ್ಜಿ ಕೊಡಿ. ‘ನನಗೆ ನಗದೇ ಅನುಕೂಲ’ ಎಂಬುದು ಕಾರಣವಲ್ಲ. ಖಾತೆಯೇ ಇಲ್ಲದವರಿಗೆ ಕೆಲವು ಕಡೆ ವೇತನ ಕಾರ್ಡು ಕೊಡುತ್ತಾರೆ. ಅದನ್ನು ಒಪ್ಪುವ ಮೊದಲು ಹಣ ತೆಗೆಯಲು, ಬಾಕಿ ನೋಡಲು, ಕಳೆದುಹೋದ ಕಾರ್ಡಿಗೆ ಬದಲಿ ಪಡೆಯಲು ಶುಲ್ಕವೆಷ್ಟು ಎಂಬ ಪಟ್ಟಿಯನ್ನು ಕೇಳಿ ಓದಿ.

ಯಾವ ಖಾತೆ ಕೊಡಬೇಕು

ಖಾತೆ ನಿಮ್ಮ ಹೆಸರಿನಲ್ಲಿರಬೇಕು. ಗಂಡನ, ಹೆಂಡತಿಯ, ಮಗನ ಖಾತೆ ಸಲ್ಲದು. ಜಂಟಿ ಖಾತೆಯನ್ನು ಕೆಲವು ಕಚೇರಿಗಳು ಒಪ್ಪುತ್ತವೆ, ಆದರೆ ಮೊದಲ ಹೆಸರು ನಿಮ್ಮದೇ ಆಗಿರಬೇಕೆಂದು ಕೇಳುವುದುಂಟು. ಸಾಲದ ಖಾತೆ, ನಿಶ್ಚಿತ ಠೇವಣಿ ಖಾತೆಗಳಿಗೆ ವೇತನ ಜಮೆಯಾಗುವುದಿಲ್ಲ. ಬಹುಕಾಲ ವ್ಯವಹಾರವಿಲ್ಲದೆ ಬಿದ್ದಿರುವ ಹಳೆಯ ಖಾತೆಯನ್ನು ಕೊಡುವುದಾದರೆ ಮೊದಲು ಬ್ಯಾಂಕಿನ ಶಾಖೆಗೆ ಹೋಗಿ ಅದು ಜೀವಂತವಾಗಿದೆಯೇ ಎಂದು ಖಚಿತಪಡಿಸಿಕೊಳ್ಳಿ, ಅಲ್ಪ ಮೊತ್ತವೊಂದನ್ನು ಹಾಕಿ ತೆಗೆದು ನೋಡಿ.

ಸೇವಾ ಪುಸ್ತಕದಲ್ಲಿರುವ ಹೆಸರೂ ಬ್ಯಾಂಕಿನಲ್ಲಿರುವ ಹೆಸರೂ ಒಂದೇ ರೀತಿ ಇರಲಿ. ಸೇವಾ ಪುಸ್ತಕದಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಬ್ಯಾಂಕಿನಲ್ಲಿ ಮುಂದೆ. ಇಲ್ಲೊಂದು ಒತ್ತಕ್ಷರ ಹೆಚ್ಚು, ಅಲ್ಲಿ ಮದುವೆಯ ನಂತರದ ಹೆಸರು. ಇಂಥ ವ್ಯತ್ಯಾಸವಿದ್ದರೆ ಎರಡರಲ್ಲಿ ಒಂದನ್ನು ಈಗಲೇ ಸರಿಪಡಿಸಿಕೊಳ್ಳಿ. ಬ್ಯಾಂಕಿನಲ್ಲಿ ತಿದ್ದಿಸುವುದು ಸೇವಾ ಪುಸ್ತಕದಲ್ಲಿ ತಿದ್ದಿಸುವುದಕ್ಕಿಂತ ಬೇಗ ಆಗುತ್ತದೆ ಎಂಬುದು ನನ್ನ ಅನುಭವ.

ಯಾರೂ ಮೊದಲೇ ಹೇಳದ ಮಾತೊಂದಿದೆ. ನಿಮ್ಮ ಸಾಲ ಯಾವ ಬ್ಯಾಂಕಿನಲ್ಲಿದೆಯೋ ಅದೇ ಬ್ಯಾಂಕಿಗೆ ಸಂಬಳವೂ ಬಂದರೆ, ಬಾಕಿ ಬಿದ್ದ ಕಂತನ್ನು ಬ್ಯಾಂಕು ಆ ಖಾತೆಯಿಂದಲೇ ಮುರಿದುಕೊಳ್ಳಬಹುದು. ಸಾಲದ ಪತ್ರಕ್ಕೆ ಸಹಿ ಹಾಕುವಾಗ ಆ ಅಧಿಕಾರವನ್ನು ಬಹುತೇಕ ನಾವೇ ಬರೆದುಕೊಟ್ಟಿರುತ್ತೇವೆ. ಕಂತು ತಪ್ಪಿಸದವರಿಗೆ ಇದು ತೊಂದರೆಯಲ್ಲ, ಅನುಕೂಲವೇ. ಹಣದ ಅಡಚಣೆ ಇರುವವರು ಮಾತ್ರ ಎರಡನ್ನೂ ಬೇರೆ ಬೇರೆ ಬ್ಯಾಂಕಿನಲ್ಲಿಡುವುದು ಲೇಸು, ಏಕೆಂದರೆ ಮನೆಯ ಖರ್ಚಿಗೂ ಸಾಲಕ್ಕೂ ಯಾವುದು ಮೊದಲು ಎಂಬ ತೀರ್ಮಾನ ಆಗ ನಿಮ್ಮ ಕೈಯಲ್ಲಿ ಉಳಿಯುತ್ತದೆ.

ನಮೂನೆ ತುಂಬುವುದು: ಹೆಸರಿಗಿಂತ ಅಂಕಿ ಮುಖ್ಯ

ಇಲ್ಲಿ ಸ್ವಲ್ಪ ನಿಧಾನಿಸಬೇಕು. ಚೆಕ್ಕಿನ ಕಾಲದಲ್ಲಿ ಗುಮಾಸ್ತನೊಬ್ಬ ಹೆಸರು ಓದಿ, ಸಹಿ ನೋಡಿ ಹಣ ಕೊಡುತ್ತಿದ್ದ. ನೇರ ಜಮೆಯಲ್ಲಿ ಸಾವಿರಾರು ನೌಕರರ ಹೆಸರು, ಖಾತೆ ಸಂಖ್ಯೆ, ಮೊತ್ತಗಳಿರುವ ಒಂದು ಕಡತ ಬ್ಯಾಂಕಿಗೆ ಹೋಗುತ್ತದೆ, ಮತ್ತು ಬಹುತೇಕ ವ್ಯವಸ್ಥೆಗಳಲ್ಲಿ ಯಂತ್ರವು ಜಮೆ ಮಾಡುವುದು ಸಂಖ್ಯೆಯನ್ನು ನೋಡಿ. ಪಕ್ಕದಲ್ಲಿ ಯಾರ ಹೆಸರಿದೆ ಎಂಬುದು ಅದಕ್ಕೆ ಬೇಕಿಲ್ಲ. ಈಚೆಗೆ ಹೆಸರು ತಾಳೆ ನೋಡುವ ಸೌಲಭ್ಯ ಬರತೊಡಗಿದೆ: ಬ್ರಿಟನ್ನಿನಲ್ಲಿ 2020ರಿಂದ, ಭಾರತದಲ್ಲಿ ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಕಳಿಸುವ ನೆಫ್ಟ್ ಮತ್ತು ಆರ್‌ಟಿಜಿಎಸ್ ಪಾವತಿಗಳಿಗೆ 2025ರ ಏಪ್ರಿಲ್ ಒಂದರೊಳಗೆ, ಯೂರೋ ವಲಯದಲ್ಲಿ ಅದೇ ವರ್ಷದ ಅಕ್ಟೋಬರ್ 9ರಿಂದ. ಆದರೆ ಯುರೋಪಿನ ನಿಯಮದಲ್ಲೇ, ನೂರಾರು ಪಾವತಿಗಳನ್ನು ಒಟ್ಟು ಕಟ್ಟಿ ಕಳಿಸುವ ಸಂಸ್ಥೆಗಳು ಬೇಡವೆಂದರೆ ಈ ತಪಾಸಣೆಯಿಂದ ಹೊರಗುಳಿಯಲು ಅವಕಾಶವಿದೆ. ವೇತನದ ಕಡತ ಎಂದರೆ ಅಂಥ ಒಟ್ಟು ಕಟ್ಟೇ ಅಲ್ಲವೇ. ಆದ್ದರಿಂದ ಹೆಸರು ನಿಮ್ಮನ್ನು ಕಾಪಾಡುತ್ತದೆಂದು ನಂಬಿ ಕೂರಬೇಡಿ.

ಖಾತೆಯ ವಿವರದಲ್ಲಿ ಸಾಮಾನ್ಯವಾಗಿ ಎರಡು ಭಾಗಗಳಿರುತ್ತವೆ: ಬ್ಯಾಂಕನ್ನೋ ಶಾಖೆಯನ್ನೋ ಗುರುತಿಸುವ ಸಂಕೇತ, ಮತ್ತು ನಿಮ್ಮ ಖಾತೆಯ ಸಂಖ್ಯೆ. ಅಮೆರಿಕದ ಬ್ಯಾಂಕ್ ಸಂಕೇತದಲ್ಲಿ 9 ಅಂಕಿಗಳಿದ್ದು, ಕೊನೆಯದು ತಪಾಸಣೆಯ ಅಂಕಿ. ಭಾರತದಲ್ಲಿ ಬ್ಯಾಂಕ್ ಶಾಖೆಯನ್ನು ಗುರುತಿಸುವ ಐಎಫ್‌ಎಸ್‌ಸಿ 11 ಅಕ್ಷರಗಳದ್ದು. ಅದರ ಐದನೆಯ ಸ್ಥಾನದಲ್ಲಿ ಯಾವಾಗಲೂ ಸೊನ್ನೆ, ಇಂಗ್ಲಿಷಿನ ‘ಓ’ ಅಕ್ಷರವಲ್ಲ. ಯುರೋಪ್ ಮತ್ತಿತರ ಕಡೆ ಬಳಸುವ ಐಬ್ಯಾನ್ ಎರಡನ್ನೂ ಸೇರಿಸಿಕೊಂಡು 34 ಅಕ್ಷರಗಳವರೆಗೆ ಇರಬಹುದು. ಮೊದಲ ನಾಲ್ಕು ಅಕ್ಷರಗಳನ್ನು ಕೊನೆಗೆ ಸರಿಸಿ, ಅಕ್ಷರಗಳನ್ನು ಅಂಕಿಗೆ ಬದಲಿಸಿ, ಬಂದ ಸಂಖ್ಯೆಯನ್ನು 97ರಿಂದ ಭಾಗಿಸಿದಾಗ ಶೇಷ 1 ಉಳಿಯಬೇಕು. ಒಂದು ಅಂಕಿ ತಪ್ಪಿದರೂ, ಅಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾದರೂ ಲೆಕ್ಕ ಕೂಡುವುದಿಲ್ಲ, ಕಂಪ್ಯೂಟರು ಅಲ್ಲೇ ತಿರಸ್ಕರಿಸುತ್ತದೆ. ಅಮೆರಿಕದ ತಪಾಸಣೆ ಅಂಕಿ ಕಾಯುವುದು ಬ್ಯಾಂಕಿನ ಸಂಕೇತವನ್ನು ಮಾತ್ರ. ಐಎಫ್‌ಎಸ್‌ಸಿಗೆ ಅಂಥ ಅಂಕಿಯೇ ಇಲ್ಲ. ಖಾತೆ ಸಂಖ್ಯೆಯೊಳಗಿನ ತಪ್ಪನ್ನು ಹಿಡಿಯಬೇಕಾದವರು ಅಲ್ಲೆಲ್ಲ ಬರೆದವರೇ.

ನಾನು ವೇತನ ಶಾಖೆಗೆ ಬಂದ ಎರಡನೆಯ ವರ್ಷ ನಡೆದದ್ದನ್ನು ಹೇಳುತ್ತೇನೆ. ಸಹೋದ್ಯೋಗಿಯೊಬ್ಬರು ನಮೂನೆಯಲ್ಲಿ ಬರೆದ 6ರ ತಲೆ ಚಿಕ್ಕದಾಗಿ ಒಳಗೇ ಸುತ್ತಿಕೊಂಡಿತ್ತು. ಅದನ್ನು ನಾನು ಸೊನ್ನೆಯೆಂದು ಓದಿ ಗಣಕಕ್ಕೆ ಹಾಕಿದೆ. ಅಂಥ ಸಂಖ್ಯೆಯ ಖಾತೆ ಇಲ್ಲದೇ ಇದ್ದಿದ್ದರೆ ಹಣ ವಾಪಸು ಬರುತ್ತಿತ್ತು, ಯಾರಿಗೂ ನೋವಾಗುತ್ತಿರಲಿಲ್ಲ. ನಮ್ಮ ಗ್ರಹಚಾರಕ್ಕೆ ಅದು ಅದೇ ಬ್ಯಾಂಕ್ ಶಾಖೆಯ ಇನ್ನೊಬ್ಬ ಗ್ರಾಹಕರ ಖಾತೆಯಾಗಿತ್ತು. ಸಂಬಳ ಅಲ್ಲಿ ಕೂತಿತು. ಅವರಿಂದ ಒಪ್ಪಿಗೆ ಪತ್ರ ಪಡೆದು ಹಣ ಹಿಂದಕ್ಕೆ ತರುವ ಹೊತ್ತಿಗೆ ಏಳು ವಾರ ಕಳೆಯಿತು; ಅಷ್ಟರಲ್ಲಿ ಆ ಸಹೋದ್ಯೋಗಿ ಮಗಳ ಶುಲ್ಕಕ್ಕೆ ಕೈಸಾಲ ಮಾಡಿದ್ದರು. ಅಂದಿನಿಂದ ನಾನು ಕೈಬರಹದ ಸಂಖ್ಯೆಯಿಂದ ಒಂದೇ ಒಂದು ಖಾತೆಯನ್ನೂ ನಮೂದಿಸಿಲ್ಲ, ಬ್ಯಾಂಕಿನಲ್ಲಿ ಮುದ್ರಿತವಾದ ದಾಖಲೆಯನ್ನೇ ಕೇಳಿದ್ದೇನೆ.

ನೀವೂ ಹಾಗೆಯೇ ಮಾಡಿ. ಸಂಖ್ಯೆಯನ್ನು ನೆನಪಿನಿಂದ ಬರೆಯಬೇಡಿ, ಕಾರ್ಡಿನ ಮೇಲಿನ ಸಂಖ್ಯೆಯನ್ನಂತೂ ಬರೆಯಲೇಬೇಡಿ, ಅದು ಖಾತೆ ಸಂಖ್ಯೆಯಲ್ಲ. ಮುದ್ರಿತ ಪಾಸ್‌ಬುಕ್ ಪುಟ, ರದ್ದುಪಡಿಸಿದ ಚೆಕ್ಕು ಅಥವಾ ಬ್ಯಾಂಕು ಕೊಟ್ಟ ಖಾತೆ ದೃಢೀಕರಣ ಪತ್ರವನ್ನು ಲಗತ್ತಿಸಿ. ಮುಂಚೂಣಿಯ ಸೊನ್ನೆಗಳನ್ನು ಬಿಡಬೇಡಿ; ಲೆಕ್ಕದ ಹಾಳೆಗೆ ಸಂಖ್ಯೆಯಾಗಿ ಹಾಕಿದರೆ ಆ ಸೊನ್ನೆಗಳು ಸದ್ದಿಲ್ಲದೆ ಮಾಯವಾಗುತ್ತವೆ. ಬರೆದ ಮೇಲೆ ಬಲದಿಂದ ಎಡಕ್ಕೆ ಒಂದೊಂದೇ ಅಂಕಿಯನ್ನು ಓದಿ ತಾಳೆ ನೋಡಿ. ಎಡದಿಂದ ಓದಿದರೆ ಕಣ್ಣು ತಾನು ಬರೆದದ್ದನ್ನೇ ಮತ್ತೆ ಸರಿಯೆಂದು ಒಪ್ಪಿಬಿಡುತ್ತದೆ.

ಸಲ್ಲಿಸುವಾಗ ಖುದ್ದಾಗಿ ಕೊಟ್ಟು ದಿನಾಂಕವಿರುವ ಸ್ವೀಕೃತಿ ಪಡೆಯಿರಿ, ಇಲ್ಲವೇ ಇಲಾಖೆಯ ಪೋರ್ಟಲಿನಲ್ಲಿ ನಿಮ್ಮದೇ ಲಾಗಿನ್‌ನಿಂದ ಹಾಕಿ. ಇಮೇಲಿನಲ್ಲಿ ಕಳಿಸುವ ಅಭ್ಯಾಸ ಒಳ್ಳೆಯದಲ್ಲ. ನೌಕರನ ಹೆಸರಿನಲ್ಲಿ ‘ನನ್ನ ಖಾತೆ ಬದಲಾಗಿದೆ, ಮುಂದಿನ ಸಂಬಳ ಈ ಹೊಸ ಸಂಖ್ಯೆಗೆ ಹಾಕಿ’ ಎಂದು ವಂಚಕರು ವೇತನ ಶಾಖೆಗೆ ಬರೆಯುವುದು, ಅಥವಾ ನೌಕರನ ಪಾಸ್‌ವರ್ಡ್ ಕದ್ದು ತಾವೇ ಬದಲಿಸುವುದು ಈಗ ಚಿರಪರಿಚಿತ ಮೋಸ. ಅಮೆರಿಕದ ಎಫ್‌ಬಿಐ ಈ ಬಗ್ಗೆ 2018ರಲ್ಲೇ ಸಾರ್ವಜನಿಕ ಎಚ್ಚರಿಕೆ ಹೊರಡಿಸಿತ್ತು. ಖಾತೆ ಬದಲಾವಣೆಯ ಮನವಿ ಬಂದಾಗ ಶಾಖೆಯವರು ನಿಮಗೆ ಫೋನ್ ಮಾಡಿ ವಿಚಾರಿಸಿದರೆ ಬೇಸರಪಡಬೇಡಿ, ಸಂತೋಷಪಡಿ.

ಬದಲಾವಣೆಯ ತಿಂಗಳು

ಹೊಸ ಖಾತೆ ನೋಂದಣಿಯಾದ ಕೂಡಲೇ ಕೆಲವು ಕಚೇರಿಗಳು ಪರೀಕ್ಷಾ ಪಾವತಿ ಕಳಿಸುತ್ತವೆ: ಅಮೆರಿಕದ ಪದ್ಧತಿಯಲ್ಲಿ ಅದು ಶೂನ್ಯ ಮೊತ್ತದ ನಮೂದು, ಭಾರತದಲ್ಲಿ ಸಾಮಾನ್ಯವಾಗಿ ಒಂದು ರೂಪಾಯಿ. ಖಾತೆಯಲ್ಲಿ ಅಪರಿಚಿತವಾದ ಒಂದು ರೂಪಾಯಿ ಕಂಡರೆ ಗಾಬರಿಯಾಗಬೇಕಿಲ್ಲ. ಆದರೆ ಆ ನೆಪದಲ್ಲಿ ಒಟಿಪಿ ಕೇಳಿ ಕರೆ ಬಂದರೆ ಅದು ಕಚೇರಿಯದ್ದಲ್ಲ.

ಪರೀಕ್ಷೆ ಮುಗಿಯುವವರೆಗೆ ಮೊದಲ ತಿಂಗಳ ಸಂಬಳ ಹಳೆಯ ದಾರಿಯಲ್ಲೇ ಬರಬಹುದು. ಆದ್ದರಿಂದ ಹಳೆಯ ಖಾತೆಯಿಂದ ಹೊಸದಕ್ಕೆ ಹೋಗುತ್ತಿರುವವರಿಗೆ ನಾನು ಹೇಳುವ ಒಂದೇ ನಿಯಮ: ಹೊಸ ಖಾತೆಗೆ ಎರಡು ಸಂಬಳ ಬಂದು ಬೀಳುವವರೆಗೆ ಹಳೆಯದನ್ನು ಮುಚ್ಚಬೇಡಿ. ಒಂದು ಸಂಬಳ ಸಾಲದೇ ಎಂದು ಕೇಳುತ್ತಾರೆ. ಸಾಲದು, ಏಕೆಂದರೆ ತುಟ್ಟಿಭತ್ಯೆಯ ಹಿಂಬಾಕಿ, ಪ್ರಯಾಣ ಭತ್ಯೆ, ವೈದ್ಯಕೀಯ ವೆಚ್ಚದ ಮರುಪಾವತಿಯಂಥ ಬಿಲ್ಲುಗಳು ಅನೇಕ ಕಡೆ ಬೇರೆ ಶಾಖೆಯಿಂದ ಹೊರಡುತ್ತವೆ, ಮತ್ತು ವೇತನ ಶಾಖೆಯಲ್ಲಿ ಬದಲಾದ ಖಾತೆ ಸಂಖ್ಯೆ ಅಲ್ಲಿಗೆ ತಾನಾಗಿ ಹೋಗಿರುವುದಿಲ್ಲ. ಆ ಶಾಖೆಗೂ ಒಂದು ಪ್ರತಿ ಕೊಡಿ.

ಹಳೆಯ ಖಾತೆಯಿಂದ ತಾನಾಗಿ ಕಡಿತವಾಗುವ ಸಾಲದ ಕಂತು, ವಿಮಾ ಕಂತು, ಬಾಡಿಗೆ ಇವುಗಳ ಪಟ್ಟಿ ಮಾಡಿ. ಕಂತಿನ ದಿನಾಂಕ ಸಂಬಳದ ದಿನದ ಮರುದಿನವೇ ಇದ್ದರೆ ಅದನ್ನು ನಾಲ್ಕೈದು ದಿನ ಮುಂದಕ್ಕೆ ಹಾಕಿಸಿಕೊಳ್ಳಿ. ಈ ವ್ಯವಸ್ಥೆಗಳು ಒಂದೇ ವೇಗದವಲ್ಲ. ಬ್ರಿಟನ್ನಿನ ಬ್ಯಾಕ್ಸ್ ಪದ್ಧತಿಯಲ್ಲಿ ಕಡತ ಸಲ್ಲಿಸಿದ ದಿನ, ಸಂಸ್ಕರಣೆಯ ದಿನ, ಜಮೆಯ ದಿನ ಎಂದು ಮೂರು ಕೆಲಸದ ದಿನಗಳು ಬೇಕು. ಭಾರತದಲ್ಲಿ ಸಗಟು ಪಾವತಿಗಳನ್ನು ಸಾಗಿಸುವ ನ್ಯಾಚ್ 2021ರ ಆಗಸ್ಟ್ ಒಂದರಿಂದ ವಾರದ ಏಳೂ ದಿನ ನಡೆಯುತ್ತಿರುವುದರಿಂದ ಭಾನುವಾರವೂ ಜಮೆ ಸಾಧ್ಯ. ಆದರೆ ಅದೇ ಭಾನುವಾರ ಕಂತೂ ಕಡಿತವಾಗುತ್ತದೆ ಎಂಬುದನ್ನು ಮರೆಯಬಾರದು. ಬ್ಯಾಂಕು ಚುರುಕಾಗಿದ್ದರೂ ಬಿಲ್ಲಿಗೆ ಸಹಿ ಹಾಕುವ ಅಧಿಕಾರಿ ರಜೆಯಲ್ಲಿದ್ದರೆ ಸಂಬಳ ತಡವಾಗುತ್ತದೆ. ತಂತ್ರಜ್ಞಾನ ಇನ್ನೂ ಗೆಲ್ಲಲಾಗದ ಹಂತ ಅದೊಂದೇ.

ಸಂಬಳ ಬಂತು, ಅಥವಾ ಬರಲಿಲ್ಲ

ಬಂದರೆ, ಬಂತು ಎಂದು ಸುಮ್ಮನಾಗಬೇಡಿ. ವೇತನ ಚೀಟಿಯಲ್ಲಿ ಒಟ್ಟು ವೇತನದಿಂದ ಕಡಿತಗಳನ್ನು ಕಳೆದು ಉಳಿಯುವ ನಿವ್ವಳ ಮೊತ್ತವೂ ಖಾತೆಗೆ ಜಮೆಯಾದ ಮೊತ್ತವೂ ಕೊನೆಯ ಅಂಕಿಯವರೆಗೆ ಒಂದೇ ಆಗಿರಬೇಕು. ನಗದು ಎಣಿಸಿಕೊಳ್ಳುತ್ತಿದ್ದಾಗ ಕಡಿಮೆಯಾದದ್ದು ಕೈಗೇ ತಿಳಿಯುತ್ತಿತ್ತು. ಈಗ ಕಡಿತವೊಂದು ಎರಡು ಸಲ ಬಿದ್ದರೂ ವರ್ಷವಿಡೀ ಗೊತ್ತಾಗದೆ ಉಳಿಯಬಹುದು. ಚೀಟಿಯನ್ನು ಕಾಗದದಲ್ಲಿ ಕೊಡುವುದನ್ನು ನಿಲ್ಲಿಸಿದ್ದರೆ ಪ್ರತಿ ತಿಂಗಳೂ ಪೋರ್ಟಲಿನಿಂದ ಇಳಿಸಿ ಇಟ್ಟುಕೊಳ್ಳಿ.

ಬರದಿದ್ದರೆ ಮೊದಲು ಬ್ಯಾಂಕಿಗೆ ಓಡುವುದು ವ್ಯರ್ಥ. ಬ್ಯಾಂಕಿನವರಿಗೆ ಬಾರದ ಹಣದ ಬಗ್ಗೆ ಏನೂ ಗೊತ್ತಿರುವುದಿಲ್ಲ. ಸಹೋದ್ಯೋಗಿಗಳಿಗೆ ಬಂದಿದೆಯೇ ಎಂದು ಕೇಳಿ. ಯಾರಿಗೂ ಬಂದಿಲ್ಲವೆಂದರೆ ಬಿಲ್ಲೇ ತಡವಾಗಿದೆ, ಒಂದೆರಡು ದಿನ ಕಾಯಿರಿ. ನಿಮಗೊಬ್ಬರಿಗೇ ಬಂದಿಲ್ಲವೆಂದರೆ ವೇತನ ಶಾಖೆಗೆ ಹೋಗಿ ಈ ಕ್ರಮದಲ್ಲಿ ವಿಚಾರಿಸಿ: ಈ ತಿಂಗಳ ಬಿಲ್ಲಿನಲ್ಲಿ ನನ್ನ ಹೆಸರಿದೆಯೇ, ಯಾವ ಖಾತೆ ಸಂಖ್ಯೆಗೆ ಕಳಿಸಲಾಗಿದೆ, ಯಾವ ದಿನಾಂಕ, ಪಾವತಿಯ ಉಲ್ಲೇಖ ಸಂಖ್ಯೆ ಯಾವುದು, ಹಣ ತಿರಸ್ಕೃತವಾಗಿ ವಾಪಸು ಬಂದಿದೆಯೇ. ಆ ಖಾತೆ ಸಂಖ್ಯೆಯನ್ನು ಅವರ ಬಾಯಿಂದ ಕೇಳಿ ತೃಪ್ತರಾಗದೆ ಪರದೆಯ ಮೇಲೆ ಕಣ್ಣಾರೆ ನೋಡಿ.

ತಿರಸ್ಕೃತವಾಗಿದ್ದರೆ ಕಾರಣದ ಸಂಕೇತವೂ ಜತೆಗೆ ಬಂದಿರುತ್ತದೆ: ಖಾತೆ ಮುಚ್ಚಿದೆ, ಖಾತೆ ಇಲ್ಲ, ಖಾತೆ ತಡೆಹಿಡಿಯಲಾಗಿದೆ ಎಂದು. ಅದಕ್ಕೆ ತಕ್ಕಂತೆ ವಿವರ ತಿದ್ದಿಕೊಟ್ಟು, ಮುಂದಿನ ತಿಂಗಳ ಬಿಲ್ಲಿನೊಂದಿಗಲ್ಲದೆ ಪ್ರತ್ಯೇಕವಾಗಿ ಮರುಪಾವತಿ ಮಾಡಬೇಕೆಂದು ಲಿಖಿತವಾಗಿ ಕೇಳಿ. ಜಮೆಯಾಗಿದೆ ಎಂದು ದಾಖಲೆ ತೋರಿಸುತ್ತಿದ್ದು ಸಂಖ್ಯೆ ಮಾತ್ರ ನಿಮ್ಮದಲ್ಲದಿದ್ದರೆ, ಅದೇ ದಿನ ವೇತನ ಶಾಖೆಯ ಮುಖ್ಯಸ್ಥರಿಗೆ ಪತ್ರ ಕೊಡಿ. ಹಣ ಕಳಿಸಿದ ಕಚೇರಿಯೇ ತನ್ನ ಬ್ಯಾಂಕಿನ ಮೂಲಕ ವಾಪಸಾತಿ ಕೋರಬೇಕಾಗುತ್ತದೆ, ನೀವು ನೇರವಾಗಿ ಆ ಅಪರಿಚಿತರ ಬ್ಯಾಂಕಿಗೆ ಹೋದರೆ ಗ್ರಾಹಕರ ಗೋಪ್ಯತೆಯ ಕಾರಣ ಹೇಳಿ ವಾಪಸು ಕಳಿಸುತ್ತಾರೆ. ತಪ್ಪು ನಿಮ್ಮ ನಮೂನೆಯದೋ ಗಣಕದ ನಮೂದಿನದೋ ಎಂಬ ಪ್ರಶ್ನೆ ಆಗ ಏಳುತ್ತದೆ. ಸ್ವೀಕೃತಿಯ ಮುದ್ರೆಯಿರುವ ನಕಲನ್ನು ಇಟ್ಟುಕೊಂಡವರಿಗೆ ಅದು ಪ್ರಯೋಜನಕ್ಕೆ ಬರುವುದು ಆ ದಿನವೇ.

ಎರಡು ಖಾತೆಗಳಿಗೆ ಹಂಚುವುದು

ಕೆಲವು ಸರ್ಕಾರಗಳು ಸಂಬಳವನ್ನು ಎರಡು ಮೂರು ಖಾತೆಗಳಿಗೆ ಹಂಚಿ ಹಾಕಿಸಿಕೊಳ್ಳಲು ಬಿಡುತ್ತವೆ. ಈ ಅವಕಾಶವಿದ್ದರೆ ಉಳಿತಾಯಕ್ಕೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಆದರೆ ಹಂಚಿಕೆಯನ್ನು ಬರೆಯುವ ರೀತಿಯಲ್ಲಿ ಒಂದು ಸೂಕ್ಷ್ಮವಿದೆ. ನಿವ್ವಳ ವೇತನ 40,000 ಇರುವವರು ‘28,000 ಮನೆಯ ಖಾತೆಗೆ, 12,000 ಉಳಿತಾಯಕ್ಕೆ’ ಎಂದು ಎರಡನ್ನೂ ನಿಗದಿತ ಮೊತ್ತವಾಗಿ ಬರೆದರೆ, ವೇತನ ಬಡ್ತಿಯಾದ ತಿಂಗಳು ಹೆಚ್ಚಿನ ಹಣ ಎಲ್ಲಿಗೆ ಹೋಗಬೇಕೆಂದು ಗಣಕಕ್ಕೆ ತಿಳಿಯುವುದಿಲ್ಲ. ‘12,000 ಉಳಿತಾಯಕ್ಕೆ, ಮಿಕ್ಕಿದ್ದೆಲ್ಲ ಮನೆಗೆ’ ಎಂದು ಬರೆದರೆ ಆ ತೊಡಕಿಲ್ಲ, ಆದರೆ ವೇತನರಹಿತ ರಜೆಯಿಂದ ನಿವ್ವಳ 20,000ಕ್ಕೆ ಇಳಿದ ತಿಂಗಳು ಮನೆಗೆ ಸಿಗುವುದು 8,000 ಮಾತ್ರ. ಶೇಕಡಾವಾರು ಹಂಚಿಕೆಗೆ ಅವಕಾಶವಿದ್ದರೆ ಅದನ್ನೇ ಆರಿಸಿ: 70ಕ್ಕೆ 30 ಎಂದಿದ್ದರೆ ಅದೇ ಕೆಟ್ಟ ತಿಂಗಳಲ್ಲಿ ಮನೆಗೆ 14,000 ಬರುತ್ತದೆ.

ವರ್ಗಾವಣೆ, ನಿವೃತ್ತಿ, ಮರಣ

ವರ್ಗಾವಣೆಯಾದಾಗ ಖಾತೆಯ ವಿವರ ನಿಮ್ಮ ಹಿಂದೆ ತಾನಾಗಿ ಬರುತ್ತದೆಂದು ಭಾವಿಸಬೇಡಿ. ಅಂತಿಮ ವೇತನ ಪ್ರಮಾಣಪತ್ರದಲ್ಲಿ ಅದು ನಮೂದಾಗಿದೆಯೇ ಎಂದು ಹಳೆಯ ಕಚೇರಿ ಬಿಡುವ ಮೊದಲೇ ನೋಡಿಕೊಳ್ಳಿ, ಹೊಸ ಕಚೇರಿಯಲ್ಲಿ ಹಾಜರಾದ ದಿನವೇ ನಮೂನೆಯನ್ನು ಮತ್ತೊಮ್ಮೆ ಕೊಡಿ.

ನೌಕರರು ತೀರಿಕೊಂಡ ಸುದ್ದಿ ವೇತನ ಶಾಖೆಗೆ ತಲುಪುವ ಮೊದಲೇ ಆ ತಿಂಗಳ ಪೂರ್ತಿ ಸಂಬಳ ಖಾತೆಗೆ ಬಿದ್ದಿರುವುದುಂಟು. ಮರಣದ ನಂತರದ ದಿನಗಳ ಹಣವನ್ನು ಸರ್ಕಾರ ವಾಪಸು ಕೇಳುತ್ತದೆ. ಮನೆಯವರು ಅದನ್ನು ತೆಗೆದು ಖರ್ಚು ಮಾಡಿಬಿಟ್ಟಿದ್ದರೆ ಕುಟುಂಬ ಪಿಂಚಣಿಯ ಕಡತಕ್ಕೆ ಅದೇ ಒಂದು ಆಕ್ಷೇಪಣೆಯಾಗಿ ಕೂರುತ್ತದೆ. ಸಂಬಳದ ಖಾತೆಗೆ ನಾಮನಿರ್ದೇಶನ ಮಾಡಿಟ್ಟಿದ್ದರೆ ಉಳಿದ ಹಣ ಮನೆಯವರ ಕೈಸೇರುವುದು ಸುಲಭ, ಮತ್ತು ಕಚೇರಿಯ ಕಡತದಲ್ಲಿರುವ ನಾಮನಿರ್ದೇಶನ ಬ್ಯಾಂಕಿಗೆ ಅನ್ವಯಿಸುವುದಿಲ್ಲವಾದ್ದರಿಂದ ಅದನ್ನು ಬ್ಯಾಂಕಿನ ಶಾಖೆಯಲ್ಲೇ ಬೇರೆಯಾಗಿ ಮಾಡಿಸಬೇಕು.

ನಿವೃತ್ತರಾಗುವವರು ಪಿಂಚಣಿಗೆಂದು ಬೇರೆ ಖಾತೆ ತೆರೆದರೂ ಸಂಬಳದ ಖಾತೆಯನ್ನು ಕೆಲಕಾಲ ಉಳಿಸಿಕೊಳ್ಳಲಿ. ವೇತನ ಪರಿಷ್ಕರಣೆಯ ಆದೇಶಗಳು ಹಿಂದಿನ ದಿನಾಂಕದಿಂದ ಜಾರಿಗೆ ಬರುವುದು ಹೊಸತಲ್ಲ. ಆಗ ಹೊರಡುವ ಹಿಂಬಾಕಿಯ ಬಿಲ್ಲು ಹುಡುಕಿಕೊಂಡು ಹೋಗುವುದು ನೀವು ಸೇವೆಯಲ್ಲಿದ್ದಾಗ ಕೊಟ್ಟ ಆ ಹಳೆಯ ಸಂಖ್ಯೆಯನ್ನೇ.